ದೊಡ್ಡ ಕಂಪನಿಯ ಎಂಜಿನಿಯರನ್ನು ಸ್ಟಾರ್ಟಪ್‌ಗೆ ಸೇರಿಸಿಕೊಳ್ಳುವುದು ಹೇಗೆ: ಹಂತ ಹಂತದ ಮಾರ್ಗದರ್ಶಿ

ಸಣ್ಣ ಸಾಫ್ಟ್‌ವೇರ್ ಕಂಪನಿ ನಡೆಸುವವರಿಂದ ಈ ವಿಷಯದಲ್ಲಿ ಕೇಳಿಬರುವ ದೂರು ಹೆಚ್ಚುಕಡಿಮೆ ಎರಡೇ ಬಗೆಯದು. ಮೂರು ತಿಂಗಳು ಹುಡುಕಿ, ಆರು ಸುತ್ತು ಮಾತನಾಡಿ, ಕೊನೆಗೆ ಆಫರ್ ಲೆಟರ್ ಕಳಿಸಿದಾಗ ಅಭ್ಯರ್ಥಿ ಬರಲೊಲ್ಲೆ ಎಂದರು ಎನ್ನುವುದು ಒಂದು. ಬಂದರು, ಆದರೆ ಎಂಟು ತಿಂಗಳಲ್ಲಿ ಬಿಟ್ಟುಹೋದರು ಎನ್ನುವುದು ಇನ್ನೊಂದು. ಮೊದಲನೆಯದಕ್ಕೆ ಸಂಬಳ ಕಡಿಮೆಯಾಯಿತೆಂದೂ ಎರಡನೆಯದಕ್ಕೆ ಆ ವ್ಯಕ್ತಿಯೇ ಸರಿಯಿರಲಿಲ್ಲವೆಂದೂ ಕಾರಣ ಕೊಟ್ಟು ಮತ್ತೆ ಅದೇ ದಾರಿಯಲ್ಲಿ ಹುಡುಕಲು ಹೊರಡುತ್ತಾರೆ. ನಾನು ಕಂಡಂತೆ ತಪ್ಪು ಇರುವುದು ಕೆಲಸಗಳ ಅನುಕ್ರಮದಲ್ಲಿ. ಅಭ್ಯರ್ಥಿಯ ಸಾಧನೆಯಲ್ಲಿ ಅವರ ಸ್ವಂತ ಕೈ ಎಷ್ಟು, ಸುತ್ತಲಿದ್ದ ವ್ಯವಸ್ಥೆಯ ಕೈ ಎಷ್ಟು ಎಂದು ಬೇರ್ಪಡಿಸಿ ನೋಡುವ ಮೊದಲೇ ಆಯ್ಕೆ ಮುಗಿದಿರುತ್ತದೆ. ಹಣದ ಲೆಕ್ಕವನ್ನು ಎಲ್ಲಕ್ಕಿಂತ ಮೊದಲು ಬಿಚ್ಚಿಡಬೇಕಾದಲ್ಲಿ ಎಲ್ಲಕ್ಕಿಂತ ಕೊನೆಗೆ ತೆಗೆಯಲಾಗುತ್ತದೆ.

ಆರಂಭಿಸುವ ಮುನ್ನ ನಾಲ್ಕು ವಸ್ತುಗಳು ಸಿದ್ಧವಿರಲಿ: ಮುಂದಿನ ಆರು ತಿಂಗಳ ಕೆಲಸವನ್ನು ಬರೆದ ಒಂದು ಪುಟ, ಎಲ್ಲ ಅಭ್ಯರ್ಥಿಗಳಿಗೂ ಒಂದೇ ರೀತಿಯಲ್ಲಿ ಬಳಸುವ ಸಂದರ್ಶನದ ಟಿಪ್ಪಣಿ ಹಾಳೆ, ನಿಮ್ಮ ಉತ್ಪನ್ನಕ್ಕೆ ಸಂಬಂಧವಿಲ್ಲದ ಒಂದು ಸಣ್ಣ ಮಾದರಿ ಪ್ರಾಜೆಕ್ಟ್, ಮತ್ತು ಕಂಪನಿಯ ಒಟ್ಟು ಷೇರುಗಳು ಯಾರ ಬಳಿ ಎಷ್ಟಿವೆ ಎಂಬ ಪಟ್ಟಿ. ಕೊನೆಯದು ಇಲ್ಲದಿದ್ದರೆ ಇಂದೇ ಮಾಡಿಸಿ. ಅದಿಲ್ಲದೆ ಆರನೇ ಹಂತ ಮುಂದೆ ಸಾಗುವುದಿಲ್ಲ.

ಹಂತ 1: ಹುದ್ದೆಯನ್ನಲ್ಲ, ಕೆಲಸವನ್ನು ಬರೆಯಿರಿ

"ಸೀನಿಯರ್ ಬ್ಯಾಕೆಂಡ್ ಎಂಜಿನಿಯರ್ ಬೇಕು" ಎಂದು ಬರೆದ ಪುಟದಿಂದ ಯಾವ ತೀರ್ಮಾನವೂ ಹೊರಡುವುದಿಲ್ಲ. ಅದರ ಬದಲು ಮುಂದಿನ ಆರು ತಿಂಗಳಲ್ಲಿ ಈ ವ್ಯಕ್ತಿ ಏನನ್ನು ಮುಗಿಸಬೇಕು ಎಂದು ನಾಲ್ಕೈದು ವಾಕ್ಯಗಳಲ್ಲಿ ಬರೆಯಿರಿ: ವರದಿ ಪುಟ ತೆರೆಯಲು ಈಗ 11 ಸೆಕೆಂಡ್ ಹಿಡಿಯುತ್ತಿದೆ, ಅದು 2 ಸೆಕೆಂಡಿಗೆ ಇಳಿಯಬೇಕು, ಡೇಟಾಬೇಸ್‌ನ ಬ್ಯಾಕಪ್ ಇದೆ, ಆದರೆ ಅದರಿಂದ ಮರುಸ್ಥಾಪನೆ ಆಗುತ್ತದೆಯೇ ಎಂದು ಯಾರೂ ಪರೀಕ್ಷಿಸಿಲ್ಲ, ಅದು ತಿಂಗಳಿಗೊಮ್ಮೆ ನಡೆಯಬೇಕು, ಇಬ್ಬರು ಹೊಸಬರಿಗೆ ಕೋಡ್ ರಿವ್ಯೂ ಮಾಡುವವರು ಬೇಕು.

ಬರೆದ ಮೇಲೆ, ಇದಕ್ಕೆ ದೊಡ್ಡ ಕಂಪನಿಯ ಅನುಭವವೇ ಬೇಕೆ ಎಂದು ನಿಮ್ಮನ್ನು ನೀವೇ ಕೇಳಿಕೊಳ್ಳಿ. ಬಳಕೆದಾರರ ಹೊರೆಗೆ ವ್ಯವಸ್ಥೆ ನಿಜವಾಗಿಯೂ ಕುಸಿಯುತ್ತಿದ್ದರೆ, ದೊಡ್ಡ ಗ್ರಾಹಕರು ಭದ್ರತಾ ತಪಾಸಣೆಗೆ ಒತ್ತಾಯಿಸುತ್ತಿದ್ದರೆ, ಅಥವಾ ಹುಡುಕಾಟ, ಶಿಫಾರಸು, ಶೇಖರಣೆಯಂಥ ಆಳವಾದ ವಿಷಯ ನಿಮ್ಮ ಉತ್ಪನ್ನದ ತಿರುಳಾಗಿದ್ದರೆ ಉತ್ತರ ಹೌದು. ಹೂಡಿಕೆದಾರರಿಗೆ ತೋರಿಸುವ ಸ್ಲೈಡಿನಲ್ಲಿ ದೊಡ್ಡ ಹೆಸರೊಂದು ಇರಲಿ ಎಂಬುದೇ ಕಾರಣವಾಗಿದ್ದರೆ ಇಲ್ಲಿಗೇ ನಿಲ್ಲಿಸುವುದು ಅಗ್ಗವಾಗುತ್ತದೆ.

ಎಚ್ಚರಿಕೆಯ ಲಕ್ಷಣ: ಸಂಸ್ಥಾಪಕರಿಬ್ಬರು ಬೇರೆ ಬೇರೆ ಕುಳಿತು ಈ ಪುಟವನ್ನು ಬರೆದಾಗ ಎರಡು ಬೇರೆ ಹುದ್ದೆಗಳು ಕಾಣಿಸಿಕೊಳ್ಳುವುದು.

ಹಂತ 2: ರೆಸ್ಯೂಮೆಯಲ್ಲಿ ಕಂಪನಿಯ ಸಂಖ್ಯೆಯನ್ನು ಕಳೆದು ಓದಿರಿ

"50 ಕೋಟಿ ಬಳಕೆದಾರರಿಗೆ ಸೇವೆ ಒದಗಿಸುವ ವ್ಯವಸ್ಥೆಯಲ್ಲಿ ಕೆಲಸ ಮಾಡಿದ್ದೇನೆ" ಎಂಬ ಸಾಲು ಕಂಪನಿಯ ಬಗ್ಗೆ ಹೇಳುತ್ತದೆ, ವ್ಯಕ್ತಿಯ ಬಗ್ಗೆ ಹೇಳುವುದಿಲ್ಲ. ಆ ಸಂಖ್ಯೆಯ ಪಕ್ಕದಲ್ಲಿ ಇನ್ನೊಂದು ಸಂಖ್ಯೆ ಬೇಕು: ಆ ವ್ಯವಸ್ಥೆಯ ಮೇಲೆ ಎಷ್ಟು ಜನ ಎಂಜಿನಿಯರ್‌ಗಳಿದ್ದರು? 2014ರಲ್ಲಿ ಫೇಸ್‌ಬುಕ್ ಕೊಂಡುಕೊಂಡಾಗ ವಾಟ್ಸಾಪ್‌ಗೆ 45 ಕೋಟಿ ಬಳಕೆದಾರರಿದ್ದರು, ಎಂಜಿನಿಯರ್‌ಗಳು 32 ಮಂದಿ. ಅಂಥ ತಂಡದಲ್ಲಿದ್ದವರ ಪಾಲಿಗೆ ಬಂದ ಕೆಲಸಕ್ಕೂ, ಅಷ್ಟೇ ಬಳಕೆದಾರರಿರುವ ಸೇವೆಯಲ್ಲಿ ಸಾವಿರಾರು ಜನರ ನಡುವೆ ಒಂದು ಸೆಟ್ಟಿಂಗ್ಸ್ ಪುಟವನ್ನು ನೋಡಿಕೊಂಡವರ ಕೆಲಸಕ್ಕೂ ಹೋಲಿಕೆಯಿಲ್ಲ. ಸೆಟ್ಟಿಂಗ್ಸ್ ಪುಟ ನೋಡಿಕೊಂಡವರು ಕೆಲಸಕ್ಕೆ ಬಾರದವರೆಂದು ಇದರ ಅರ್ಥವಲ್ಲ. ಆ 50 ಕೋಟಿಯನ್ನು ಅವರ ಖಾತೆಗೆ ಬರೆಯಬಾರದು, ಅಷ್ಟೆ.

ಶ್ರೇಣಿಯ ಅಂಕಿಗಳಲ್ಲೂ ಎಡವುವವರಿದ್ದಾರೆ. ಗೂಗಲ್‌ನಲ್ಲಿ ಎಲ್-5 ಎಂದರೆ ಸೀನಿಯರ್ ಎಂಜಿನಿಯರ್. ಅಮೆಜಾನ್‌ನಲ್ಲಿ ಅದೇ ಎಲ್-5 ಅದಕ್ಕಿಂತ ಕೆಳಗಿನ, ಎರಡನೇ ಮೆಟ್ಟಿಲಿನ ಹುದ್ದೆ, ಸೀನಿಯರ್ ಎನ್ನುವುದು ಅಲ್ಲಿ ಎಲ್-6. ಮೈಕ್ರೋಸಾಫ್ಟ್‌ನಲ್ಲಿ ಸೀನಿಯರ್ ಶ್ರೇಣಿ 63ರಿಂದ ಶುರುವಾಗುತ್ತದೆ. ಅಂಕಿಯನ್ನು ನೋಡಿ ಸಂಬಳ ನಿಗದಿ ಮಾಡುವ ಮೊದಲು ಆ ಅಂಕಿ ಯಾವ ಮನೆಯದು ಎಂದು ನೋಡಿಕೊಳ್ಳಿ.

ಹಂತ 3: ಮೊದಲ ಮಾತುಕತೆ, ಮೂವತ್ತೇ ನಿಮಿಷ

ಮೊದಲ ಸಂದೇಶವನ್ನು ಸಂಸ್ಥಾಪಕರೇ ಕಳಿಸಬೇಕು, ಅದು ನಾಲ್ಕು ವಾಕ್ಯಗಳನ್ನು ಮೀರಬಾರದು, ಒಂದನೇ ಹಂತದ ಪುಟ ಅದಕ್ಕೆ ಲಗತ್ತಾಗಿರಬೇಕು. "ಜಗತ್ತನ್ನು ಬದಲಾಯಿಸುವ ಅವಕಾಶ" ಎಂಬ ಬಗೆಯ ಮಾತುಗಳನ್ನು ಅವರು ವಾರಕ್ಕೆ ಹತ್ತು ಬಾರಿ ಓದುತ್ತಿರುತ್ತಾರೆ.

ಮೂವತ್ತು ನಿಮಿಷದ ಈ ಕರೆಯಲ್ಲಿ ಎರಡು ಸಂಗತಿಗಳು ಇತ್ಯರ್ಥವಾಗಬೇಕು. ಅವರು ಈಗಿನ ಕೆಲಸವನ್ನು ಏಕೆ ಬಿಡಬೇಕೆಂದುಕೊಂಡಿದ್ದಾರೆ ಎನ್ನುವುದು ಮೊದಲನೆಯದು. "ನಾನು ಬರೆದದ್ದು ಬಳಕೆದಾರರ ಕೈಗೆ ತಲುಪಲು ಐದು ತಿಂಗಳು ಹಿಡಿಯುತ್ತದೆ" ಎಂಬ ಉತ್ತರ ಒಳ್ಳೆಯದು. "ಮ್ಯಾನೇಜರ್ ಜತೆ ಹೊಂದಿಕೆಯಾಗುತ್ತಿಲ್ಲ" ಎಂಬ ಉತ್ತರಕ್ಕೆ ಆ ಕಂಪನಿಯೊಳಗೇ ತಂಡ ಬದಲಿಸುವ ಪರಿಹಾರವಿದೆ, ಬಹಳಷ್ಟು ಸಲ ಅವರು ಕೊನೆಗೆ ಅದನ್ನೇ ಮಾಡುತ್ತಾರೆ.

ಎರಡನೆಯದು ಹಣ. ನಿಮ್ಮ ಸಂಬಳದ ಕನಿಷ್ಠ ಮತ್ತು ಗರಿಷ್ಠ ಮಿತಿಯನ್ನು ಈ ಕರೆಯಲ್ಲೇ ಬಾಯಿಬಿಟ್ಟು ಹೇಳಿ. "ಮೊದಲು ನಮ್ಮ ಕೆಲಸ ಇಷ್ಟವಾಗಲಿ, ಆಮೇಲೆ ಹಣದ ಮಾತು" ಎಂದು ಮುಂದೂಡುವವರೇ ಆರನೇ ಸುತ್ತಿನ ನಂತರ ಬರಿಗೈಯಲ್ಲಿ ಉಳಿಯುವುದು. ಕೈಗೆ ಬರುವ ಹಣ ಅರ್ಧಕ್ಕಿಳಿಯುವುದಾದರೆ ಅದನ್ನು ಅವರು ಮನೆಯವರೊಡನೆ ಕೂತು ಯೋಚಿಸಬೇಕು, ಅದಕ್ಕೆ ಸಮಯ ಬೇಕು. ಕೊನೆಯ ವಾರದಲ್ಲಿ ಹೇಳಿದರೆ ಉತ್ತರ ಸಹಜವಾಗಿಯೇ "ಬೇಡ" ಎಂದಾಗುತ್ತದೆ.

ಹಂತ 4: ಸಂದರ್ಶನದಲ್ಲಿ ಕ್ರಿಯಾಪದದ ಕೊನೆಯನ್ನು ಕೇಳಿಸಿಕೊಳ್ಳಿ

ಬಿಳಿ ಹಲಗೆಯ ಮೇಲೆ ಅಲ್ಗಾರಿದಮ್ ಬರೆಸುವ ಪರೀಕ್ಷೆಯನ್ನು ಅವರು ಒಮ್ಮೆ ಪಾಸು ಮಾಡಿಯೇ ದೊಡ್ಡ ಕಂಪನಿ ಸೇರಿದ್ದಾರೆ. ಅದನ್ನೇ ಪುನಃ ಕೊಟ್ಟರೆ ಹೊಸದೇನೂ ತಿಳಿಯುವುದಿಲ್ಲ. ತಿಳಿಯಬೇಕಾದದ್ದು, ಸುತ್ತಲಿನ ವ್ಯವಸ್ಥೆಯನ್ನು ತೆಗೆದುಬಿಟ್ಟರೆ ಇವರ ಕೈಯಲ್ಲಿ ಏನು ಉಳಿಯುತ್ತದೆ ಎಂಬುದು. ದೊಡ್ಡ ಕಂಪನಿಯಲ್ಲಿ ಕೋಡ್ ಬಿಲ್ಡ್ ಆಗುವುದು, ಪರೀಕ್ಷೆಗಳು ಓಡುವುದು, ಸರ್ವರ್‌ಗೆ ಹೋಗುವುದು, ಅಲ್ಲಿ ಕೆಟ್ಟರೆ ಅಲಾರಂ ಹೊಡೆಯುವುದು, ಇವೆಲ್ಲಕ್ಕೂ ಬೇರೆ ಬೇರೆ ತಂಡಗಳಿರುತ್ತವೆ. ಗೂಗಲ್‌ನಲ್ಲಿ ಕೆಲಸ ಮಾಡಿದವರು ಬೋರ್ಗ್ ಎಂಬ ಒಳಗಿನ ವ್ಯವಸ್ಥೆಗೆ ತಮ್ಮ ಪ್ರೋಗ್ರಾಂ ಒಪ್ಪಿಸುತ್ತಾರೆ, ಯಂತ್ರ ಎಲ್ಲಿದೆ ಎಂದು ತಿಳಿದುಕೊಳ್ಳುವ ಅಗತ್ಯವೇ ಬೀಳುವುದಿಲ್ಲ. ಅದು ಅವರ ಕುಂದಲ್ಲ, ಆದರೆ ನಿಮ್ಮಲ್ಲಿ ಬೋರ್ಗ್ ಇಲ್ಲ.

ಆದ್ದರಿಂದ ಒಂದೇ ಘಟನೆಯನ್ನು ಹಿಡಿದು ಆಳಕ್ಕೆ ಇಳಿಯಿರಿ: "ನೀವು ನೋಡಿಕೊಳ್ಳುತ್ತಿದ್ದ ವ್ಯವಸ್ಥೆ ಕೆಟ್ಟುನಿಂತ ಒಂದು ದಿನವನ್ನು ಗಂಟೆಗಂಟೆಯಾಗಿ ಹೇಳಿ." ಇದಕ್ಕೆ ನಲವತ್ತು ನಿಮಿಷ ಮೀಸಲಿಡಿ. ಕನ್ನಡದಲ್ಲಿ ಮಾತನಾಡುವವರಿಗೆ ಇಲ್ಲೊಂದು ಅನುಕೂಲವಿದೆ. ಕರ್ತೃವನ್ನು ನುಂಗಿಕೊಂಡರೂ ಕ್ರಿಯಾಪದದ ಕೊನೆ ಸತ್ಯ ಹೇಳಿಬಿಡುತ್ತದೆ. "ಕಂಡುಹಿಡಿದೆವು", "ಸರಿಪಡಿಸಲಾಯಿತು", "ಸರಿಹೋಯಿತು" ಎಂಬುವು ಸಾಲುಸಾಲಾಗಿ ಬಂದು "ಕಂಡುಹಿಡಿದೆ", "ಬರೆದೆ", "ತಪ್ಪು ಮಾಡಿದೆ" ಎಂಬುವು ಒಮ್ಮೆಯೂ ಬಾರದಿದ್ದರೆ ಅದನ್ನು ಹಾಳೆಯಲ್ಲಿ ಗುರುತು ಮಾಡಿಕೊಳ್ಳಿ. ಸಂದರ್ಶನ ಇಂಗ್ಲಿಷಿನಲ್ಲಿ ನಡೆಯುತ್ತಿದ್ದರೆ "ಅದರಲ್ಲಿ ನಿಮ್ಮ ಕೈಯಿಂದ ಆದದ್ದೇನು" ಎಂದು ಬಿಡಿಸಿಯೇ ಕೇಳಬೇಕಾಗುತ್ತದೆ.

ನಾನು ಒಮ್ಮೆ ಇಬ್ಬರಿಗೆ ಒಂದೇ ಪ್ರಶ್ನೆ ಕೇಳಿದ್ದೆ. ಇಬ್ಬರ ವ್ಯವಸ್ಥೆಯಲ್ಲೂ ಗ್ರಾಹಕರ ಹಣ ಎರಡು ಬಾರಿ ಕಡಿತವಾದ ಪ್ರಸಂಗವಿತ್ತು. ಮೊದಲನೆಯವರು ಅಲಾರಂ ಬಂದದ್ದು, ಟಿಕೆಟ್ ಪಾವತಿ ತಂಡಕ್ಕೆ ಹೋದದ್ದು, ಅವರು ಮುಗಿಸಿದ್ದು, ನಂತರ ಆರು ಪುಟದ ವರದಿ ತಯಾರಾದದ್ದು, ಇಷ್ಟನ್ನು ಸೊಗಸಾಗಿ ವಿವರಿಸಿದರು. ಎರಡನೆಯವರು ಪೆನ್ನು ಕೇಳಿ ಪಡೆದು ಎರಡು ಗೆರೆ ಎಳೆದರು: ಮೊಬೈಲ್ ಆ್ಯಪ್ 30 ಸೆಕೆಂಡ್ ಕಾದು ಕೈಬಿಡುತ್ತಿತ್ತು, ಸರ್ವರ್ ಅದೇ ಕೋರಿಕೆಯನ್ನು 40ನೇ ಸೆಕೆಂಡಿಗೆ ಮುಗಿಸುತ್ತಿತ್ತು, ನಡುವಿನ ಹತ್ತು ಸೆಕೆಂಡಿನಲ್ಲಿ ಆ್ಯಪ್ ಹೊಸ ಕೋರಿಕೆ ಕಳಿಸಿ ಎರಡನೇ ಕಡಿತ ಆಗುತ್ತಿತ್ತು. ಪ್ರತಿ ಪಾವತಿಗೂ ಒಂದು ಗುರುತಿನ ಸಂಖ್ಯೆ ಕೊಟ್ಟು, ಮರಳಿ ಕಳಿಸುವಾಗಲೂ ಅದೇ ಸಂಖ್ಯೆ ಹೋಗುವಂತೆ ಮಾಡಿ, ಸರ್ವರ್ ಅದನ್ನು ಗುರುತಿಸುವಂತೆ ಬದಲಿಸಿದ್ದರು. ಆಮೇಲೆ ಬ್ಯಾಂಕಿನ ಫೈಲ್ ತೆಗೆದುಕೊಂಡು ಆ ದಿನದ ಸಾಲುಗಳನ್ನೆಲ್ಲ ತಾಳೆ ನೋಡಿ, ಯಾರಿಗೆ ಹಣ ವಾಪಸು ಹೋಗಬೇಕೆಂಬ ಪಟ್ಟಿಯನ್ನೂ ತಾವೇ ತೆಗೆದಿದ್ದರು. ಇಬ್ಬರ ರೆಸ್ಯೂಮೆಯಲ್ಲೂ ಈ ಪ್ರಸಂಗ ಒಂದೇ ಥರದ ಒಂದು ಸಾಲಿನಲ್ಲಿತ್ತು.

ಇದರ ಜತೆಗೆ ಕೇಳಬೇಕಾದ ಇನ್ನೆರಡು ಪ್ರಶ್ನೆಗಳು: ಯಾರೂ ಹೇಳದೆ ನೀವಾಗಿಯೇ ಕೈಹಾಕಿದ ಕೆಲಸ ಯಾವುದು? ಮಾಡಬಹುದಾಗಿದ್ದರೂ ಬೇಡವೆಂದು ಬಿಟ್ಟದ್ದು ಯಾವುದು, ಏಕೆ? ಎರಡನೆಯದಕ್ಕೆ ಉತ್ತರವೇ ಇಲ್ಲದವರು ಐದು ಜನರ ತಂಡದಲ್ಲಿ ದುಬಾರಿಯಾಗುತ್ತಾರೆ.

ಸಾಮಾನ್ಯ ತಪ್ಪು: ಕಂಪನಿಯ ಹೆಸರಿಗೆ ಬೆರಗಾಗಿ ಸಂದರ್ಶಕರೇ ಹೆಚ್ಚು ಮಾತನಾಡುವುದು. ಗಂಟೆಯ ಕೊನೆಗೆ ಟಿಪ್ಪಣಿ ಹಾಳೆ ಖಾಲಿಯಿದ್ದರೆ ಆ ಸಂದರ್ಶನ ನಡೆದಿಲ್ಲವೆಂದೇ ಲೆಕ್ಕ.

ಹಂತ 5: ಮೂರು ಗಂಟೆಯ ಕೆಲಸದ ಪರೀಕ್ಷೆ, ನಂತರ ರೆಫರೆನ್ಸ್

ಮಾದರಿ ಪ್ರಾಜೆಕ್ಟ್ ಚಿಕ್ಕದಾಗಿರಲಿ, ಓಡುವ ಸ್ಥಿತಿಯಲ್ಲಿರಲಿ, ಅದರಲ್ಲೊಂದು ನಿಜವಾದ ಕೆಡುಕಿರಲಿ. ನಾನು ಬಳಸುವುದು ಇಪ್ಪತ್ತು ಲಕ್ಷ ಸಾಲುಗಳ ಟೇಬಲ್ ಇರುವ, ಬೇಕಾದ ಕಡೆ ಇಂಡೆಕ್ಸ್ (ಸಾಲುಗಳನ್ನು ಬೇಗ ಹುಡುಕಿಕೊಡುವ ಸೂಚಿ) ಇಲ್ಲದ ಒಂದು ಪುಟ್ಟ ವೆಬ್ ಆ್ಯಪ್. ದೂರು "ಪುಟ ನಿಧಾನ" ಎಂದಷ್ಟೇ ಇರುತ್ತದೆ. ಫಲಿತಾಂಶಕ್ಕಿಂತ ಮೊದಲ ಇಪ್ಪತ್ತು ನಿಮಿಷವನ್ನು ಗಮನಿಸಿ. ಲಾಗ್ ತೆರೆದು, ನಿಧಾನವಾದ ಕ್ವೆರಿಯನ್ನು (ಡೇಟಾಬೇಸ್‌ಗೆ ಕಳಿಸುವ ಪ್ರಶ್ನೆಯನ್ನು) ಹುಡುಕಿ, ಡೇಟಾಬೇಸ್ ಅದನ್ನು ಹೇಗೆ ನಡೆಸುತ್ತಿದೆ ಎಂದು ಎಕ್ಸ್‌ಪ್ಲೇನ್ ಎಂಬ ಆದೇಶ ಕೊಟ್ಟು ನೋಡುವವರು ಒಂದು ಬಗೆ. ಏನನ್ನೂ ಅಳೆಯದೆ "ಇಲ್ಲಿಗೊಂದು ರೆಡಿಸ್ ಕ್ಯಾಶ್ ಹಾಕೋಣ" ಎಂದು, ಅಂದರೆ ಉತ್ತರಗಳನ್ನು ತಾತ್ಕಾಲಿಕವಾಗಿ ಕೂಡಿಡುವ ಇನ್ನೊಂದು ಸಾಫ್ಟ್‌ವೇರ್ ಸೇರಿಸೋಣವೆಂದು, ಚಿತ್ರ ಬರೆಯತೊಡಗುವವರು ಇನ್ನೊಂದು ಬಗೆ. ನಡುವೆ ಗೂಗಲ್ ಮಾಡಲಿ, ಎಐ ಸಹಾಯ ಪಡೆಯಲಿ, ಅದಕ್ಕೆ ತಡೆ ಬೇಡ. ಕೆಲಸಕ್ಕೆ ಸೇರಿದ ಮೇಲೆಯೂ ಅದನ್ನೇ ಮಾಡುತ್ತಾರೆ.

ನಿಮ್ಮ ಉತ್ಪನ್ನದ ಕೋಡನ್ನು ಈ ಪರೀಕ್ಷೆಗೆ ಬಳಸಬೇಡಿ. ಉದ್ಯೋಗದಲ್ಲಿರುವಾಗ ಬರೆದ ಕೋಡಿನ ಮೇಲೆ ಈಗಿನ ಕಂಪನಿ ಹಕ್ಕು ಕೇಳಬಹುದಾದ ಕರಾರುಗಳು ಸಾಮಾನ್ಯ. ಹೊರಗಿನ ಸಂಭಾವನೆ ಪಡೆಯಬಾರದೆಂಬ ಷರತ್ತೂ ಇರಬಹುದು. ಇಲ್ಲದಿದ್ದರೆ ಆ ಮೂರು ಗಂಟೆಗೆ ಹಣ ಕೊಡಿ, ಇದ್ದರೆ ಪರೀಕ್ಷೆಯನ್ನು ಒಂದೂವರೆ ಗಂಟೆಗೆ ಇಳಿಸಿ.

ಹಿಂದೆ ಜತೆಗೆ ಕೆಲಸ ಮಾಡಿದವರನ್ನು ವಿಚಾರಿಸುವ ರೆಫರೆನ್ಸ್ ಕರೆಗೆ ಅಭ್ಯರ್ಥಿಯ ಒಪ್ಪಿಗೆ ಕಡ್ಡಾಯ, ಈಗಿನ ಕಚೇರಿಗಂತೂ ಕರೆ ಮಾಡಲೇಬಾರದು. "ಹೇಗಿದ್ದರು" ಎಂದು ಕೇಳಿದರೆ ಎಲ್ಲರೂ ಹೊಗಳುತ್ತಾರೆ. "ಅವರಿಗೆ ಯಾವ ಕೆಲಸವನ್ನು ಕೊಡುತ್ತಿರಲಿಲ್ಲ" ಎಂದು ಕೇಳಿ, ಮೌನವಾಗಿ ಕಾಯಿರಿ.

ಹಂತ 6: ಆಫರ್‌ನ ಲೆಕ್ಕವನ್ನು ಎದುರಿಗೇ ಬಿಡಿಸಿ ತೋರಿಸಿ

ಅಭ್ಯರ್ಥಿ ಬಿಟ್ಟುಬರುವುದು ಸಂಬಳವನ್ನಷ್ಟೇ ಅಲ್ಲ. ಷೇರುಪೇಟೆಯಲ್ಲಿರುವ ಕಂಪನಿ ಸಂಬಳದ ಜತೆಗೆ ಕಂತುಗಳಲ್ಲಿ ಕೊಡುವ ಆರ್‌ಎಸ್‌ಯು ಕೈಗೆ ಬಂದ ದಿನವೇ ಮಾರಿ ಹಣ ಮಾಡಿಕೊಳ್ಳಬಹುದಾದ ಷೇರು. ನಿಮ್ಮ ಸ್ಟಾಕ್ ಆಪ್ಷನ್ ಎಂದರೆ, ಎಂದೋ ಒಂದು ದಿನ ಬೆಲೆ ಬಂದೀತೆಂಬ ನಂಬಿಕೆಯ ಮೇಲೆ, ಅದೂ ಹಣ ಕೊಟ್ಟು, ಷೇರು ಕೊಳ್ಳುವ ಹಕ್ಕು. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು "ಒಟ್ಟು ಪ್ಯಾಕೇಜ್ ಸಮ" ಎಂದರೆ ಅವರು ನಗುತ್ತಾರೆ. ಅವರಿಗೆ ಇನ್ನೂ ಕೈಸೇರದ ಷೇರು ಎಷ್ಟಿದೆ, ಮುಂದಿನ ಕಂತು ಮತ್ತು ಬೋನಸ್ ಯಾವ ತಿಂಗಳು ಎಂದು ಕೇಳಿ ಬರೆದುಕೊಳ್ಳಿ. ಅಮೆಜಾನ್ ಬಹುಕಾಲ ಪಾಲಿಸಿದ ಪದ್ಧತಿಯಲ್ಲಿ ನಾಲ್ಕು ವರ್ಷಗಳ ಷೇರು 5, 15, 40, 40 ಪ್ರತಿಶತದಂತೆ ಬರುತ್ತದೆ. ಎರಡು ವರ್ಷ ಮುಗಿಸಿದವರು ಅಲ್ಲಿಂದ ಹೊರಟರೆ 80 ಪ್ರತಿಶತವನ್ನು ಬಿಟ್ಟು ಹೊರಡುತ್ತಾರೆ. ಎರಡು ತಿಂಗಳು ಕಾದರೆ ಒಂದು ದೊಡ್ಡ ಕಂತು ಕೈಸೇರುವುದಾದರೆ ಸೇರುವ ದಿನಾಂಕವನ್ನು ಮುಂದೂಡುವುದು ನಿಮಗೆ ಬಹುತೇಕ ಪುಕ್ಕಟೆಯಾಗಿ ಸಿಗುವ ಸೌಜನ್ಯ.

ಆಪ್ಷನ್‌ಗಳ ಸಂಖ್ಯೆಯನ್ನಷ್ಟೇ ಹೇಳುವುದು ದಾರಿ ತಪ್ಪಿಸಿದಂತೆ. 50,000 ಎಂಬುದು ಒಟ್ಟು ಒಂದು ಕೋಟಿ ಷೇರುಗಳಲ್ಲಾದರೆ 0.5 ಪ್ರತಿಶತ, ಹತ್ತು ಕೋಟಿಯಲ್ಲಾದರೆ 0.05. ಆದ್ದರಿಂದ ಆಫರ್ ಹಾಳೆಯಲ್ಲಿ ಒಟ್ಟು ಷೇರುಗಳ ಸಂಖ್ಯೆ, ಪ್ರತಿಶತ, ಆಪ್ಷನ್ ಬಳಸಿ ಷೇರು ಕೊಳ್ಳುವ ಸ್ಟ್ರೈಕ್ ಬೆಲೆ, ವೆಸ್ಟಿಂಗ್ ಅವಧಿ (ಆಪ್ಷನ್ ಕಂತುಕಂತಾಗಿ ಕೈಸೇರುವ ಕಾಲ), ಕೆಲಸ ಬಿಟ್ಟ ಮೇಲೆ ಕೊಳ್ಳಲು ಎಷ್ಟು ದಿನ ಎಂಬ ಐದೂ ಇರಬೇಕು. ನಾಲ್ಕು ವರ್ಷದ ವೆಸ್ಟಿಂಗ್, ಅದರಲ್ಲಿ ಮೊದಲ ಒಂದು ವರ್ಷ ಏನೂ ಸಿಗದ ಕ್ಲಿಫ್ ಎಂಬುದು ರೂಢಿಯಲ್ಲಿರುವ ಕ್ರಮ.

ಮುಂದಿನ ಹೂಡಿಕೆಯ ಸುತ್ತುಗಳಲ್ಲಿ ಪಾಲು ಕರಗುವುದನ್ನೂ ನೀವೇ ತೋರಿಸಿ. ಪ್ರತಿ ಸುತ್ತಿನಲ್ಲೂ ಹೊಸ ಹೂಡಿಕೆದಾರರಿಗೆ 20 ಪ್ರತಿಶತ ಹೋದರೆ ಇಂದಿನ 0.5 ಮೊದಲು 0.4 ಆಗಿ, ಎರಡನೇ ಸುತ್ತಿಗೆ 0.32ಕ್ಕೆ ಇಳಿಯುತ್ತದೆ. ಹೂಡಿಕೆದಾರರಿಗೆ ಮೊದಲು ಹಣ ಮರಳಬೇಕೆಂಬ ಷರತ್ತಿನ ಪರಿಣಾಮ ಇನ್ನೂ ಕಟು. 40 ಪ್ರತಿಶತ ಪಾಲುಳ್ಳ ಹೂಡಿಕೆದಾರರು 50 ಕೋಟಿ ಹಾಕಿದ್ದಾರೆ, ಕಂಪನಿ 60 ಕೋಟಿಗೆ ಮಾರಾಟವಾಯಿತು ಎಂದುಕೊಳ್ಳಿ. ತಮ್ಮ ಪಾಲಿನ ಲೆಕ್ಕದಲ್ಲಿ ಅವರಿಗೆ ಬರುವುದು 24 ಕೋಟಿ. ಹಾಗಾಗಿ ಅವರು ಪಾಲು ಬಿಟ್ಟು 50 ಕೋಟಿಯನ್ನೇ ವಾಪಸು ಪಡೆಯುತ್ತಾರೆ, ಉಳಿದ 10 ಕೋಟಿಯನ್ನು ಮಿಕ್ಕ 60 ಪ್ರತಿಶತದವರು ಹಂಚಿಕೊಳ್ಳುತ್ತಾರೆ. ತನ್ನ 0.5 ಪ್ರತಿಶತಕ್ಕೆ 30 ಲಕ್ಷ ಬರುತ್ತದೆಂದು ನಂಬಿದ್ದ ಎಂಜಿನಿಯರ್‌ಗೆ, ಸ್ಟ್ರೈಕ್ ಬೆಲೆ ಕಳೆಯುವ ಮೊದಲೇ, ಸಿಗುವುದು 8.3 ಲಕ್ಷದಷ್ಟು. ಇದನ್ನು ಸಂಸ್ಥಾಪಕರ ಬಾಯಿಂದ ಕೇಳಿದ ಅಭ್ಯರ್ಥಿ ಹೆದರಿ ಓಡುತ್ತಾರೆಂಬ ಅಂಜಿಕೆ ಬಹಳ ಜನರಿಗಿದೆ. ಓಡುವವರು ಇದ್ದಾರೆ, ಆದರೆ ಸೇರಿದ ಮೇಲೆ ಬೇರೆ ಯಾರಿಂದಲೋ ತಿಳಿದುಕೊಂಡವರು ಓಡುವುದು ಇನ್ನೂ ವೇಗವಾಗಿ.

ಹುದ್ದೆಯ ಹೆಸರಿನಿಂದ ಹಣದ ಕೊರತೆ ತುಂಬಲು ಹೋಗಬೇಡಿ. ನಾಲ್ಕನೇ ಎಂಜಿನಿಯರ್‌ಗೆ "ವೈಸ್ ಪ್ರೆಸಿಡೆಂಟ್" ಎಂದು ಕೊಟ್ಟರೆ, ಹದಿನೈದು ಜನರಾದಾಗ ಅವರ ಮೇಲೊಬ್ಬರನ್ನು ತರುವ ದಾರಿ ಮುಚ್ಚಿಹೋಗಿರುತ್ತದೆ.

ಹಂತ 7: ಒಪ್ಪಿದ ದಿನದಿಂದ ಸೇರುವ ದಿನದವರೆಗೆ

ರಾಜೀನಾಮೆ ಕೊಟ್ಟ ಮರುದಿನವೇ ಉಳಿಸಿಕೊಳ್ಳಲು ಹಳೆಯ ಕಂಪನಿಯಿಂದ ಕೌಂಟರ್ ಆಫರ್ ಬರುತ್ತದೆ ಎಂದು ಮೊದಲೇ ಹೇಳಿಟ್ಟು, ಬಂದಾಗ ಏನು ಮಾಡುವಿರೆಂದು ಕೇಳಿಬಿಡಿ. ನೋಟಿಸ್ ಅವಧಿಯುದ್ದಕ್ಕೂ ವಾರಕ್ಕೊಂದು ಸಣ್ಣ ಕರೆ ಸಾಕು. ಅಭ್ಯರ್ಥಿ ಎರಡು ವಾರ ಉತ್ತರಿಸದಿದ್ದರೆ ಆಟ ಬಹುತೇಕ ಮುಗಿದಿದೆ. ಎರಡನೇ ಆಯ್ಕೆಯವರೊಡನೆ ಮಾತು ಮುಂದುವರಿಸಿ.

ಈ ಅವಧಿಯಲ್ಲಿ ಅವರಿಂದ ಒಂದು ಸಾಲು ಕೋಡನ್ನೂ ಬರೆಸಬೇಡಿ. ಹಳೆಯ ಕಚೇರಿಯ ಫೈಲ್, ವಿನ್ಯಾಸ, ಗ್ರಾಹಕರ ಪಟ್ಟಿ ಯಾವುದನ್ನೂ ತರಬಾರದೆಂದು ಲಿಖಿತವಾಗಿ ತಿಳಿಸಿ. ಹೊರಡುವ ಮುನ್ನ ಎಂಜಿನಿಯರ್ ಒಬ್ಬರು ಸಾವಿರಾರು ಫೈಲ್ ಇಳಿಸಿಕೊಂಡರೆಂಬ ಆರೋಪದ ಮೇಲೆ ಗೂಗಲ್ ಬಳಗದ ಚಾಲಕರಹಿತ ಕಾರು ಕಂಪನಿ ವೇಮೊ 2017ರಲ್ಲಿ ಉಬರ್ ಮೇಲೆ ಮೊಕದ್ದಮೆ ಹೂಡಿತು. 2018ರ ಫೆಬ್ರುವರಿಯಲ್ಲಿ ಉಬರ್ ಸುಮಾರು 24.5 ಕೋಟಿ ಡಾಲರ್ ಬೆಲೆಯ ಷೇರು ಕೊಟ್ಟು ರಾಜಿ ಮಾಡಿಕೊಂಡಿತು. ಉಬರ್ ತಡೆದುಕೊಂಡಿತು, ನಿಮ್ಮ ಕಂಪನಿ ವಕೀಲರ ಮೊದಲ ಬಿಲ್ಲಿಗೇ ಮುಚ್ಚಬಹುದು.

ಹಂತ 8: ಮೊದಲ 90 ದಿನ

ಲ್ಯಾಪ್‌ಟಾಪ್, ಪಾಸ್‌ವರ್ಡ್‌ಗಳು, ಕೋಡನ್ನು ತಮ್ಮ ಯಂತ್ರದಲ್ಲಿ ಓಡಿಸುವ ವಿಧಾನ ಬರೆದ ಹಾಳೆ, ಇವು ಸೇರುವ ಮೊದಲೇ ತಯಾರಿರಲಿ. ಎರಡನೇ ದಿನದೊಳಗೆ ಅವರ ಒಂದು ಸಣ್ಣ ಬದಲಾವಣೆ ಬಳಕೆದಾರರನ್ನು ತಲುಪಬೇಕು, ಗುಂಡಿಯ ಮೇಲಿನ ಅಕ್ಷರದೋಷ ತಿದ್ದಿದರೂ ಸರಿ. ಮೊದಲ ವಾರ ದಿನಕ್ಕೊಂದು ಗಂಟೆ ಗ್ರಾಹಕರ ದೂರುಗಳಿಗೆ ಅವರೇ ಉತ್ತರಿಸಲಿ. ಎರಡನೇ ವಾರದಿಂದ ಒಂದು ಕೆಲಸವನ್ನು, ಅದರ ತಲೆಯಿಂದ ಬಾಲದವರೆಗೆ, ಅವರಿಗೇ ವಹಿಸಿ.

ಮೊದಲ 60 ದಿನ ಇರುವ ವ್ಯವಸ್ಥೆಯನ್ನು ಒಡೆದು ಕಟ್ಟುವ ಕೆಲಸಕ್ಕೆ ಅನುಮತಿಯಿಲ್ಲ ಎಂದು ಮೊದಲ ದಿನವೇ ಹೇಳಬೇಕು. ನಾವು ಹೇಳಿರಲಿಲ್ಲ. ನಮ್ಮಲ್ಲಿಗೆ ಬಂದ ಒಬ್ಬ ಒಳ್ಳೆಯ ಎಂಜಿನಿಯರ್ ಒಂದೇ ಪ್ರೋಗ್ರಾಂ ಆಗಿದ್ದುದನ್ನು ಒಂಬತ್ತು ಸೇವೆಗಳಾಗಿ ಬೇರ್ಪಡಿಸಿದರು. ಮೂರು ಸರ್ವರ್‌ಗಳ ಮೇಲೆ, ಹಲವಾರು ಯಂತ್ರಗಳಲ್ಲಿ ಸೇವೆಗಳನ್ನು ಓಡಿಸಲೆಂದೇ ಇರುವ ಕುಬರ್ನೆಟಿಸ್ ಎಂಬ ವ್ಯವಸ್ಥೆ ಬಂದು ಕೂತಿತು. ಅವರು ಹಿಂದೆ ಇದ್ದಲ್ಲಿ ಅದೇ ಸರಿಯಾದ ಕ್ರಮವಾಗಿತ್ತು, ಅಲ್ಲಿ ಒಂಬತ್ತು ಸೇವೆಗಳಿಗೆ ಒಂಬತ್ತು ತಂಡಗಳಿದ್ದವು. ನಾವಿದ್ದದ್ದು ಐದು ಜನ. ಒಂದು ಫಾರಂಗೆ ಹೊಸ ಕಾಲಂ ಸೇರಿಸಲು ಮೂರು ಕಡೆ ಕೋಡ್ ಬದಲಿಸಿ, ಮೂರನ್ನೂ ಸರಿಯಾದ ಅನುಕ್ರಮದಲ್ಲಿ ಡಿಪ್ಲಾಯ್ ಮಾಡಬೇಕಾಯಿತು. ಎಲ್ಲವನ್ನೂ ಮತ್ತೆ ಒಂದುಗೂಡಿಸಲು ಐದು ತಿಂಗಳು ಹಿಡಿಯಿತು, ಅಷ್ಟರಲ್ಲಿ ಅವರೂ ಹೊರಟಿದ್ದರು.

ಮೂರನೇ ವಾರದ ಹೊತ್ತಿಗೆ ಈ ಲಕ್ಷಣಗಳನ್ನು ಗಮನಿಸಿ: ಒಂದು ದಿನದ ಕೆಲಸಕ್ಕೆ ಹತ್ತು ಪುಟದ ಡಿಸೈನ್ ಡಾಕ್ ಬರುವುದು, ಏನಾದರೂ ಕೆಟ್ಟಾಗ "ಇದು ಯಾರ ಜವಾಬ್ದಾರಿ" ಎಂಬುದೇ ಮೊದಲ ಪ್ರಶ್ನೆಯಾಗುವುದು, ಗ್ರಾಹಕರೊಡನೆ ಮಾತಾಡುವ ಸರದಿಯನ್ನು ಎರಡು ಬಾರಿ ಇತರರಿಗೆ ದಾಟಿಸುವುದು. ಒಂದೊಂದೇ ಕಂಡರೆ ಹಳೆಯ ಅಭ್ಯಾಸ, ಕುಳಿತು ಹೇಳಿದರೆ ಎರಡು ವಾರದಲ್ಲಿ ಹೋಗುತ್ತದೆ. ಹೇಳಿದ ಮೇಲೂ ಮೂರೂ ಉಳಿದಿದ್ದರೆ 90ನೇ ದಿನದೊಳಗೆ ನಿರ್ಧರಿಸಿ.

ಬೇರ್ಪಡುವುದೇ ಆದರೆ ಹನ್ನೊಂದನೇ ತಿಂಗಳವರೆಗೆ ಎಳೆದು ಕ್ಲಿಫ್‌ಗೆ ಮುಂಚೆ ಕಳಿಸುವ ಜಾಣತನ ಬೇಡ; ಈ ಎಂಜಿನಿಯರ್‌ಗಳು ಪರಸ್ಪರ ಬಲ್ಲವರು, ಮುಂದಿನ ಮೂವರು ನಿಮ್ಮ ಸಂದೇಶಕ್ಕೆ ಉತ್ತರಿಸುವುದಿಲ್ಲ. ವರ್ಷ ಕಳೆದ ಮೇಲೆ ಹೋಗುವವರಿಗೆ ಆಪ್ಷನ್ ಕೊಳ್ಳಲು ಹಲವು ಕಂಪನಿಗಳು ಕೊಡುವ 90 ದಿನ ತೀರಾ ಕಡಿಮೆ. ಅದನ್ನು ಹೆಚ್ಚಿಸುವ ಇಚ್ಛೆಯಿದ್ದರೆ ತೆರಿಗೆಯ ಪರಿಣಾಮವನ್ನು ಲೆಕ್ಕಿಗರಲ್ಲಿ ವಿಚಾರಿಸಿ, ಆರನೇ ಹಂತದ ಹಾಳೆಯಲ್ಲೇ ಬರೆದುಕೊಡಿ.